ಐದು ಸ್ಟಾರ್, ಒಂದು ಮೌನ

ಸಿನಿಮಾ ಬಂದ ಶುಕ್ರವಾರವೇ ಅದಕ್ಕೆ ಹತ್ತು ವಿಮರ್ಶೆ ಬರುತ್ತೆ. ಹೊಸ ಫೋನ್‌ಗೆ ಬರುತ್ತೆ, ಕಾದಂಬರಿಗೆ ತಡವಾಗಿಯಾದರೂ ಬರುತ್ತೆ, ರಸ್ತೆ ಬದಿಯ ದೋಸೆ ಗಾಡಿಗೂ ಮ್ಯಾಪ್‌ನಲ್ಲಿ ಸ್ಟಾರ್ ಕೊಡುವವರಿದ್ದಾರೆ. ಆದರೆ ನಮ್ಮಂಥ ಸಾಫ್ಟ್‌ವೇರ್ ಮಂದಿ ಬರೆಯುವ, ಬೇರೆಯವರು ಬರೆದಿಟ್ಟಿದ್ದನ್ನು ಓದುವ, ಕೊನೆಗೆ ಅದನ್ನೇ ನಂಬಿಕೊಂಡು ರಾತ್ರಿ ಮಲಗುವ ಒಂದು ಬರಹಕ್ಕೆ ವಿಮರ್ಶೆ ಅಪರೂಪ. ಹೇಗೆ ಬರೀಬೇಕು ಅಂತ ಹೇಳಿಕೊಡುವವರು ಬೇಕಾದಷ್ಟಿದ್ದಾರೆ. ಬರಹವಾಗಿ ಅದು ಹೇಗಿದೆ, ಎಲ್ಲಿ ಗೆದ್ದಿದೆ, ಎಲ್ಲಿ ಸೋತಿದೆ ಅಂತ ಕೂತು ನೋಡುವವರು ಕಮ್ಮಿ. ಆ ಬರಹದ ಹೆಸರು ಕ್ರಾನ್‌ಟ್ಯಾಬ್.

ಪರಿಚಯ ಇಲ್ಲದವರಿಗೆ ಎರಡು ಮಾತು. ಲಿನಕ್ಸ್ ಅಥವಾ ಯೂನಿಕ್ಸ್ ಇರುವ ಬಹುಪಾಲು ಯಂತ್ರಗಳಲ್ಲಿ ಕ್ರಾನ್ ಅನ್ನೋ ಪುಟ್ಟ ಪ್ರೋಗ್ರಾಂ ಹಿನ್ನೆಲೆಯಲ್ಲಿ ಓಡುತ್ತಿರುತ್ತೆ. ನಿಮಿಷಕ್ಕೊಮ್ಮೆ ಏಳುತ್ತೆ, ತನ್ನ ಪಟ್ಟಿ ನೋಡುತ್ತೆ, ಈ ನಿಮಿಷಕ್ಕೆ ಹೊಂದುವ ಸಾಲು ಇದ್ದರೆ ಆ ಕೆಲಸ ಶುರು ಮಾಡಿ ಮತ್ತೆ ಮಲಗುತ್ತೆ. ಆ ಪಟ್ಟಿಯೇ ಕ್ರಾನ್‌ಟ್ಯಾಬ್. ಪ್ರತಿ ಸಾಲಿನಲ್ಲೂ ಮೊದಲು ಐದು ಕಾಲಂ: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ಆಮೇಲೆ ಓಡಿಸಬೇಕಾದ ಕಮಾಂಡ್. "30 2 * * *" ಅಂತ ಬರೆದರೆ ದಿನಾ ಬೆಳಗಿನ ಜಾವ ಎರಡೂವರೆಗೆ. ಐದಕ್ಕೆ ಐದೂ ಸ್ಟಾರ್ ಇಟ್ಟರೆ ಪ್ರತಿ ನಿಮಿಷಕ್ಕೂ. ಇಷ್ಟೇ ವ್ಯಾಕರಣ.

ನನ್ನ ತಕರಾರನ್ನು ಮೊದಲೇ ಹೇಳಿಬಿಡ್ತೀನಿ. ಕೆಲಸ ಯಾವಾಗ ಶುರುವಾಗಬೇಕು ಅನ್ನೋದಕ್ಕೆ ಈ ಬರಹದಲ್ಲಿ ಐದು ಕಾಲಂ ಇವೆ. ಕೆಲಸ ಮುಗೀತಾ, ಮುಗೀದೇ ಇದ್ದರೆ ಯಾರಿಗೆ ಗೊತ್ತಾಗಬೇಕು ಅನ್ನೋದಕ್ಕೆ ಒಂದೂ ಇಲ್ಲ. ಉಳಿದ ದೋಷಗಳನ್ನೆಲ್ಲ ಅಭ್ಯಾಸದಿಂದ ದಾಟಬಹುದು. ಇದೊಂದನ್ನು ದಾಟೋಕೆ ಆಗಲ್ಲ, ಯಾಕಂದರೆ ಇದು ಕಾಣೋದೇ ಇಲ್ಲ.

ಮೊದಲು ಮೆಚ್ಚುಗೆ. 1979ರಲ್ಲಿ ಬೆಲ್ ಲ್ಯಾಬ್ಸ್‌ನಿಂದ ಬಂದ ಯೂನಿಕ್ಸ್‌ನ ಏಳನೇ ಆವೃತ್ತಿಯಲ್ಲೇ ಕ್ರಾನ್ ಇತ್ತು. ಇವತ್ತು ನಾವು ಬಳಸುವ ಬಹುಪಾಲು ಕ್ರಾನ್‌ಗಳ ಮೂಲ 1987ರಲ್ಲಿ ಪಾಲ್ ವಿಕ್ಸಿ ಬರೆದದ್ದು. ಆ ಕಾಲದ ಎಷ್ಟೋ ಸಾಫ್ಟ್‌ವೇರ್‌ಗಳ ಹೆಸರೂ ಈಗ ಯಾರಿಗೂ ನೆನಪಿಲ್ಲ. ಕ್ರಾನ್‌ನ ಐದು ಕಾಲಂ ಮಾತ್ರ ತನ್ನನ್ನು ಹೆತ್ತ ಪ್ರೋಗ್ರಾಂ ಇಲ್ಲದ ಕಡೆಯೂ ಬದುಕಿದೆ. ಕುಬರ್ನೆಟೀಸ್‌ನಲ್ಲಿ ಕ್ರಾನ್‌ಜಾಬ್ ಬರೆದರೂ ಅದೇ ಐದು, ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ವೇಳಾಪಟ್ಟಿ ಹಾಕಿದರೂ ಅದೇ ಐದು. ಒಂದು ಸಾಲಿನಲ್ಲಿ ಮುಗಿಯುತ್ತೆ, ಇನ್‌ಸ್ಟಾಲ್ ಮಾಡೋ ತಲೆನೋವಿಲ್ಲ, ಯಾರ ಅನುಮತಿಯೂ ಬೇಡ. "ಕ್ರಾನ್‌ಟ್ಯಾಬ್ -ಇ" ಅಂತ ಹೊಡೆದು, ಒಂದು ಸಾಲು ಸೇರಿಸಿ, ಸೇವ್ ಮಾಡಿ ಎದ್ದು ಹೋಗಬಹುದು. ಹೊಸಬರಿಗೆ ಹತ್ತು ನಿಮಿಷದಲ್ಲಿ ಕಲಿಸಬಹುದಾದ, ನಿವೃತ್ತಿಯವರೆಗೂ ಕೆಲಸಕ್ಕೆ ಬರುವ ವಿದ್ಯೆ ನಮ್ಮ ಕಸುಬಿನಲ್ಲಿ ಹೆಚ್ಚಿಲ್ಲ.

ಈಗ ವ್ಯಾಕರಣದ ದೋಷಗಳು. "0 0 13 * 5" ಅನ್ನೋ ಸಾಲನ್ನು ಓದಿ. 13ನೇ ತಾರೀಖು, ಶುಕ್ರವಾರ, ನಡುರಾತ್ರಿ. ಅಂದರೆ 13ನೇ ತಾರೀಖು ಶುಕ್ರವಾರವೇ ಬಿದ್ದಾಗ ಮಾತ್ರ ಓಡುತ್ತೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಇಲ್ಲ. ಪ್ರತಿ ತಿಂಗಳ 13ಕ್ಕೂ ಓಡುತ್ತೆ, ಪ್ರತಿ ಶುಕ್ರವಾರವೂ ಓಡುತ್ತೆ. ಉಳಿದ ಕಾಲಂಗಳ ನಡುವೆ "ಮತ್ತು" ಇದ್ದರೆ, ತಾರೀಖು ಮತ್ತು ವಾರದ ನಡುವೆ ಮಾತ್ರ "ಅಥವಾ". ಇದು ಕೈಪಿಡಿಯಲ್ಲಿ ಬರೆದಿದೆ ನಿಜ, ಆದರೆ ಸಾಲು ನೋಡಿ ಊಹಿಸೋಕೆ ಸಾಧ್ಯವೇ ಇಲ್ಲ.

ಇನ್ನೊಂದು, "*/7". ಏಳು ನಿಮಿಷಕ್ಕೊಮ್ಮೆ ಅಂತ ಓದಿಕೊಳ್ತೀವಿ. ನಿಜಕ್ಕೂ ಅದು ಗಂಟೆಯ 0, 7, 14 ಹೀಗೆ 56ರವರೆಗೆ ಹೋಗಿ, ನಾಲ್ಕೇ ನಿಮಿಷಕ್ಕೆ ಮತ್ತೆ 0ಗೆ ಬರುತ್ತೆ. "*/40" ಇನ್ನೂ ತಮಾಷೆ: ನಲವತ್ತು ನಿಮಿಷ ಬಿಟ್ಟು ಒಮ್ಮೆ, ಇಪ್ಪತ್ತು ನಿಮಿಷ ಬಿಟ್ಟು ಇನ್ನೊಮ್ಮೆ. ಇನ್ನು "-ಇ" ಅಂದರೆ ತಿದ್ದು, "-ಆರ್" ಅಂದರೆ ಇಡೀ ಪಟ್ಟಿ ಅಳಿಸು. ಕೀಬೋರ್ಡ್‌ನಲ್ಲಿ ಈ ಎರಡೂ ಅಕ್ಷರ ಅಕ್ಕಪಕ್ಕದ ಕೀಲಿಗಳು, ಅಳಿಸುವ ಮೊದಲು ಬಹಳಷ್ಟು ಕಡೆ "ಖಂಡಿತಾನಾ?" ಅಂತ ಒಂದು ಮಾತೂ ಕೇಳಲ್ಲ. ಇಂಥವನ್ನೆಲ್ಲ ಹಳೇ ಮನೆಯ ತಗ್ಗು ಬಾಗಿಲಿನ ಥರ ಅಂದುಕೊಳ್ಳೋಣ. ಒಂದೆರಡು ಸಲ ತಲೆ ಹೊಡೆಸಿಕೊಂಡ ಮೇಲೆ ತಾನಾಗಿ ಬಗ್ಗೋದು ರೂಢಿಯಾಗುತ್ತೆ.

ಆದರೆ ನಮ್ಮ ದೇಶದಿಂದ ಕೆಲಸ ಮಾಡುವವರಿಗೆ ಅಂತಲೇ ಒಂದು ಬಾಗಿಲಿದೆ, ಅದನ್ನು ಸ್ವಲ್ಪ ನಿಂತು ನೋಡಬೇಕು. ಕಂಪನಿ ಬೆಂಗಳೂರಿನದು, ಗಿರಾಕಿಗಳು ಇಲ್ಲಿಯವರು. ಪ್ರತಿ ತಿಂಗಳು ಒಂದನೇ ತಾರೀಖು ಬೆಳಗಿನ ಜಾವ 2 ಗಂಟೆಗೆ ಹಿಂದಿನ ತಿಂಗಳ ಲೆಕ್ಕ ಮುಗಿಸಬೇಕು. "0 2 1 * *", ಸುಲಭ. ಆದರೆ ಕ್ಲೌಡ್ ಸರ್ವರ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿ ಇರುತ್ತೆ, ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಇಲ್ಲಿ ಒಂದನೇ ತಾರೀಖು 2 ಗಂಟೆ ಅಂದರೆ ಅಲ್ಲಿ ಹಿಂದಿನ ದಿನ ರಾತ್ರಿ 8:30, ಅಂದರೆ ಹಿಂದಿನ ತಿಂಗಳ ಕೊನೇ ದಿನ. ಕೊನೇ ದಿನ 28 ಇರಬಹುದು, 29, 30, 31 ಏನು ಬೇಕಾದರೂ ಇರಬಹುದು. "ತಿಂಗಳ ಕೊನೇ ದಿನ" ಅಂತ ಹೇಳೋಕೆ ಕ್ರಾನ್‌ನ ಭಾಷೆಯಲ್ಲಿ ಪದವೇ ಇಲ್ಲ.

ಹಾಗಾಗಿ ಜನ ಏನು ಮಾಡುತ್ತಾರೆ? "30 20 28-31 * *" ಅಂತ ನಾಲ್ಕೂ ದಿನ ಎಬ್ಬಿಸಿ, ಕಮಾಂಡ್‌ನ ಮುಂದೆ ಒಂದು ಪರೀಕ್ಷೆ ಇಡುತ್ತಾರೆ: ನಾಳೆಯ ತಾರೀಖು 01 ಆಗಿದ್ದರೆ ಮಾತ್ರ ಮುಂದುವರಿ. ತಾರೀಖು ಕೇಳೋಕೆ ಡೇಟ್ ಕಮಾಂಡ್‌ಗೆ ಪರ್ಸೆಂಟ್ ಗುರುತು ಕೊಡಬೇಕು. ಕ್ರಾನ್‌ಟ್ಯಾಬ್‌ನಲ್ಲಿ ಪರ್ಸೆಂಟ್‌ಗೆ ಬೇರೆಯೇ ಅರ್ಥ: ಕಮಾಂಡ್ ಇಲ್ಲಿಗೆ ಮುಗೀತು, ಇದರಾಚೆಗಿನದು ಆ ಕಮಾಂಡ್‌ಗೆ ಉಣಿಸುವ ಇನ್‌ಪುಟ್. ಪರ್ಸೆಂಟ್‌ನ ಹಿಂದೆ ಒಂದು ಬ್ಯಾಕ್‌ಸ್ಲಾಶ್ ಹಾಕದಿದ್ದರೆ ಕಮಾಂಡ್ ಅರ್ಧಕ್ಕೇ ತುಂಡಾಗುತ್ತೆ. ಅದೇ ಕಮಾಂಡನ್ನು ಟರ್ಮಿನಲ್‌ನಲ್ಲಿ ಕೈಯಾರೆ ಓಡಿಸಿ ನೋಡಿದರೆ ಏನೂ ತೊಂದರೆಯಿಲ್ಲ, ಚೆನ್ನಾಗೇ ಓಡುತ್ತೆ. ತಪ್ಪು ಬಯಲಾಗೋದು ತಿಂಗಳ ಕೊನೆಯ ರಾತ್ರಿ.

ಕೆಲವು ಕಡೆ ಇದಕ್ಕೆ ಮದ್ದಿದೆ. ರೆಡ್ ಹ್ಯಾಟ್ ಕಡೆಯ ಲಿನಕ್ಸ್‌ಗಳಲ್ಲಿ ಬರುವ ಕ್ರೋನಿ ಅನ್ನೋ ಕ್ರಾನ್‌ನಲ್ಲಿ, ಪಟ್ಟಿಯ ಮೇಲೆ ಕ್ರಾನ್_ಟಿಜೆಡ್ ಅಂತ ಒಂದು ಸಾಲು ಬರೆದು ಕೋಲ್ಕತಾ ಸಮಯ ಕೊಟ್ಟರೆ ಲೆಕ್ಕ ನಮ್ಮ ಗಡಿಯಾರದಲ್ಲೇ ನಡೆಯುತ್ತೆ. ಅದೇ ಸಾಲನ್ನು ಡೆಬಿಯನ್‌ನ ಹಳೇ ಕ್ರಾನ್‌ಗೆ ಒಯ್ದು ಹಾಕಿ. ಗೊಣಗದೆ ತಗೊಳ್ಳುತ್ತೆ. ಅದರ ಪಾಲಿಗೆ ಅದು ಯಾವುದೋ ಒಂದು ಎನ್ವಿರಾನ್ಮೆಂಟ್ ವೇರಿಯಬಲ್, ಸಮಯಕ್ಕೂ ಅದಕ್ಕೂ ಸಂಬಂಧ ಇಲ್ಲ. "ನನಗಿದು ಅರ್ಥವಾಗಲಿಲ್ಲ" ಅನ್ನೋ ಒಂದು ಮಾತು ಬರಲ್ಲ, ಕೆಲಸ ಮಾತ್ರ ಐದೂವರೆ ಗಂಟೆ ಆಚೀಚೆ ಆಗುತ್ತೆ.

ಕೈಯಲ್ಲಿ ಓಡಿದ್ದು ಕ್ರಾನ್‌ನಲ್ಲಿ ಓಡದಿರೋದಕ್ಕೆ ಇನ್ನೂ ದೊಡ್ಡ ಕಾರಣ ಇದೆ. ನೀವು ಲಾಗಿನ್ ಆಗಿ ಕೂತಾಗ ಶೆಲ್ ನಿಮ್ಮದು, ನೀವು ಹೊಂದಿಸಿಕೊಂಡ ದಾರಿಗಳು, ಪಾಸ್‌ವರ್ಡ್‌ಗಳು, ವರ್ಷನ್‌ಗಳು ಎಲ್ಲ ಜೊತೆಗಿರುತ್ತವೆ. ಕ್ರಾನ್ ಕೆಲಸ ಓಡಿಸುವಾಗ ಇದ್ಯಾವುದೂ ಇರಲ್ಲ. ಸಾದಾ ಶೆಲ್, ಕಮಾಂಡ್ ಹುಡುಕೋಕೆ ಒಂದೆರಡು ಫೋಲ್ಡರ್, ಅಷ್ಟೇ. ನಿಮ್ಮ ಪೈಥಾನ್ ಅಲ್ಲ, ಸಿಸ್ಟಂನ ಪೈಥಾನ್ ಸಿಗುತ್ತೆ, ಅಥವಾ ಸಿಗೋದೇ ಇಲ್ಲ.

ಇಲ್ಲಿ ಕ್ರಾನ್‌ನ ಪಕ್ಕದ ಮನೆಯ "ಅಟ್" ಕಮಾಂಡನ್ನು ನೋಡಿದರೆ ಬೇರೆ ಥರವೂ ಯೋಚಿಸಬಹುದಿತ್ತು ಅಂತ ಗೊತ್ತಾಗುತ್ತೆ. ಅಟ್ ಇರೋದು ಒಂದೇ ಸಲ ಮಾಡಬೇಕಾದ ಕೆಲಸಕ್ಕೆ. "ಅಟ್ ನೌ + 2 ಅವರ್ಸ್" ಅಂತ ಮನುಷ್ಯರ ಭಾಷೆಯಲ್ಲೇ ಹೇಳಬಹುದು. "ಅಟ್ ಟೀಟೈಮ್" ಅಂದರೂ ಅದಕ್ಕೆ ಅರ್ಥವಾಗುತ್ತೆ, ಸಂಜೆ 4 ಗಂಟೆ ಅಂತ. ಹೇಳಿದ ಕ್ಷಣದಲ್ಲಿ ನೀವು ಯಾವ ಫೋಲ್ಡರ್‌ನಲ್ಲಿ ಇದ್ದಿರಿ, ನಿಮ್ಮ ಎನ್ವಿರಾನ್ಮೆಂಟ್ ಹೇಗಿತ್ತು ಅನ್ನೋದನ್ನು ಬಹುಪಾಲು ಹಾಗೇ ಎತ್ತಿಟ್ಟುಕೊಂಡು, ಕೆಲಸದ ಹೊತ್ತಿಗೆ ವಾಪಸ್ ಕೊಡುತ್ತೆ. ಹೇಳಿದವರು ಯಾವ ಸ್ಥಿತಿಯಲ್ಲಿ ಹೇಳಿದರು ಅನ್ನೋದು ಕೆಲಸದ ಒಂದು ಭಾಗ ಅಂತ ಅಟ್‌ಗೆ ಗೊತ್ತು. ಕ್ರಾನ್‌ಗೆ ಆ ಪರಿವೆ ಇಲ್ಲ. ಆದರೂ ಇವತ್ತು ಎಷ್ಟೋ ಸರ್ವರ್‌ಗಳಲ್ಲಿ ಅಟ್ ಇನ್‌ಸ್ಟಾಲ್ ಕೂಡ ಆಗಿರಲ್ಲ.

ಇನ್ನು ಮುಖ್ಯ ವಿಷಯಕ್ಕೆ, ಮೌನಕ್ಕೆ ಬರೋಣ. ಕ್ರಾನ್ ಪೂರ್ತಿ ಮೂಗ ಅಂದರೆ ತಪ್ಪಾಗುತ್ತೆ. ಕೆಲಸ ಏನಾದರೂ ಪ್ರಿಂಟ್ ಮಾಡಿದರೆ, ದೋಷದ ಸಂದೇಶವೂ ಸೇರಿ, ಅದನ್ನು ಆ ಬಳಕೆದಾರರಿಗೆ ಮೇಲ್ ಮಾಡುತ್ತೆ. ಅದು ಹುಟ್ಟಿದ ಕಾಲಕ್ಕೆ ಇದು ಸರಿಯಾದ ಏರ್ಪಾಟೇ. ಒಂದು ದೊಡ್ಡ ಯಂತ್ರ, ಅದಕ್ಕೆ ಹತ್ತಾರು ಜನ ಬಳಕೆದಾರರು, ಮೇಲ್ ಅಂದರೆ ಅದೇ ಯಂತ್ರದೊಳಗಿನ ಮೇಲ್. ಬೆಳಿಗ್ಗೆ ಬಂದು ಲಾಗಿನ್ ಆದರೆ "ನಿಮಗೆ ಮೇಲ್ ಇದೆ" ಅಂತ ತೋರಿಸುತ್ತಿತ್ತು. ಇವತ್ತಿನ ಸರ್ವರ್‌ಗೆ ದಿನಾ ಲಾಗಿನ್ ಆಗುವವರು ಯಾರೂ ಇಲ್ಲ. ಮೇಲ್ ಕಳಿಸೋ ವ್ಯವಸ್ಥೆಯನ್ನೇ ಬಹಳಷ್ಟು ಕಡೆ ಹಾಕಿರಲ್ಲ. ಹಾಕಿದ್ದ ಕಡೆ ದಿನಕ್ಕೆ ನೂರು ಮೇಲ್ ಬಂದು, ಯಾರೋ ಸಾಕಾಗಿ ಪ್ರತಿ ಸಾಲಿನ ಕೊನೆಗೂ "> /ಡೆವ್/ನಲ್ 2>&1" ಅಂತ ಸೇರಿಸಿರುತ್ತಾರೆ. ಹೇಳೋದನ್ನೆಲ್ಲ, ಕೂಗೋದನ್ನೂ ಸೇರಿಸಿ, ಬಾವಿಗೆ ಹಾಕು ಅಂತ ಅದರರ್ಥ. ಯಾವುದೇ ಕಂಪನಿಯ ಹಳೇ ಕ್ರಾನ್‌ಟ್ಯಾಬ್ ತೆಗೆದರೂ ಈ ಬಾಲ ಕಾಣದೆ ಇರಲ್ಲ.

ಇದರ ಬೆಲೆ ಎಷ್ಟು ಅನ್ನೋದಕ್ಕೆ ನಡೆದ ಕಥೆಯೇ ಇದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ಡೇಟಾಬೇಸ್‌ನ ತೊಂದರೆ ಸರಿಮಾಡುತ್ತಾ, ಎರಡನೇ ಸರ್ವರ್ ಅಂದುಕೊಂಡು ಮುಖ್ಯ ಸರ್ವರ್‌ನ ಡೇಟಾ ಫೋಲ್ಡರ್ ಅಳಿಸಿಬಿಟ್ಟರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿ ಹೋಗಿ ನಾಲ್ಕೂವರೆ ಜಿಬಿ ಉಳಿದಿತ್ತು. ಸುದ್ದಿಯಲ್ಲಿ ಎಲ್ಲರೂ ಈ ಅಳಿಸಿದ ಕೈಯ ಬಗ್ಗೆಯೇ ಮಾತಾಡಿದರು. ಆದರೆ ಕಂಪನಿ ತಾನೇ ಬರೆದು ಪ್ರಕಟಿಸಿದ ವರದಿಯಲ್ಲಿ ನಿಜವಾದ ಪಾಠ ಬೇರೆ ಕಡೆ ಇದೆ.

ದಿನಾ ಒಮ್ಮೆ ಡೇಟಾಬೇಸ್‌ನ ಬ್ಯಾಕಪ್ ತೆಗೆದು ಅಮೆಜಾನ್‌ನ ಎಸ್3ಗೆ ಕಳಿಸೋ ಕ್ರಾನ್ ಜಾಬ್ ಇತ್ತು. ಹೋಗಿ ನೋಡಿದರೆ ಆ ಜಾಗ ಖಾಲಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6ಕ್ಕೆ ಬಂದಾಗಿತ್ತು, ಬ್ಯಾಕಪ್ ತೆಗೆಯೋ ಪ್ರೋಗ್ರಾಂ ಮಾತ್ರ 9.2ರದ್ದೇ ಓಡುತ್ತಿತ್ತು. ವರ್ಷನ್ ಹೊಂದಲ್ಲ ಅಂತ ಪ್ರತಿ ಸಲವೂ ಸೋತು ನಿಲ್ಲುತ್ತಿತ್ತು. ಸೋತಾಗ ಕ್ರಾನ್ ಸುಮ್ಮನಿದ್ದಿತಾ? ಇಲ್ಲ, ಮೇಲ್ ಕಳಿಸುತ್ತಿತ್ತು. ಆದರೆ ಕಂಪನಿಯ ಮೇಲ್‌ಗೆ ಡಿಮಾರ್ಕ್ ಅನ್ನೋ ಕಳ್ಳಮೇಲ್ ತಡೆಯುವ ಕಾವಲು ಹಾಕಿದ್ದರು. ಕ್ರಾನ್‌ನ ಮೇಲ್‌ಗಳಿಗೆ ಅದಕ್ಕೆ ಬೇಕಾದ ಏರ್ಪಾಟು ಆಗಿರಲಿಲ್ಲ, ಹಾಗಾಗಿ ಮೇಲ್‌ಗಳೆಲ್ಲ ಬಾಗಿಲಲ್ಲೇ ವಾಪಸ್. ಕೆಲಸವೂ ಆಗುತ್ತಿರಲಿಲ್ಲ, ಆಗುತ್ತಿಲ್ಲ ಅನ್ನೋ ಸುದ್ದಿಯೂ ಮುಟ್ಟುತ್ತಿರಲಿಲ್ಲ. ಒಳಗೆ ಕೂತವರಿಗೆ ಬ್ಯಾಕಪ್ ಸರಿಯಾಗಿದ್ದರೂ ಅದೇ ಮೌನ, ಒಂದೂ ಇಲ್ಲದಿದ್ದರೂ ಅದೇ ಮೌನ.

ಅವರನ್ನು ಉಳಿಸಿದ್ದು ಆರು ಗಂಟೆ ಮೊದಲು, ಬೇರೆ ಯಾವುದೋ ಪರೀಕ್ಷೆಗೆ ಅಂತ ಒಬ್ಬರು ಕೈಯಾರೆ ತೆಗೆದಿಟ್ಟ ಒಂದು ಸ್ನ್ಯಾಪ್‌ಶಾಟ್. ಗಿಟ್ ರೆಪಾಸಿಟರಿಗಳ ಕೋಡ್ ಹೋಗಲಿಲ್ಲ. ಆದರೆ ಆ ಆರು ಗಂಟೆಯಲ್ಲಿ ಸೇರಿದ್ದ ಸುಮಾರು 5,000 ಪ್ರಾಜೆಕ್ಟ್‌ಗಳ ವಿವರ, 5,000 ಕಾಮೆಂಟ್, 700 ಹೊಸ ಬಳಕೆದಾರರ ಖಾತೆ ಹೋದವು. ಗಮನಿಸಿ, ಇಲ್ಲಿ ಕ್ರಾನ್ ಕೆಟ್ಟಿರಲಿಲ್ಲ. ಹೇಳಿದ ಹೊತ್ತಿಗೆ ಎದ್ದು, ಹೇಳಿದ ಕೆಲಸ ಶುರು ಮಾಡಿ, ಸೋತದ್ದನ್ನು ತನಗೆ ಗೊತ್ತಿದ್ದ ಒಂದೇ ದಾರಿಯಲ್ಲಿ ತಿಳಿಸಿತ್ತು. ಅದರ ಕಣ್ಣಲ್ಲಿ ಎಲ್ಲವೂ ಸರಿಯಾಗೇ ಇತ್ತು.

ಹಾಗಾದರೆ ಹೊಸ ತಲೆಮಾರಿನವು ಹೇಗೆ? ಲಿನಕ್ಸ್‌ನಲ್ಲಿ ಈಗ ಸಿಸ್ಟಂಡಿ ಟೈಮರ್‌ಗಳಿವೆ. ಇವನ್ನು ಓದೋಕೆ ಸುಖ, ಬರೆಯೋಕೆ ಕಷ್ಟ. ಕ್ರಾನ್‌ನಲ್ಲಿ ಒಂದು ಸಾಲಿನಲ್ಲಿ ಆಗೋದಕ್ಕೆ ಇಲ್ಲಿ ಎರಡು ಫೈಲ್ ಬೇಕು, ಯಾವಾಗ ಅನ್ನೋದಕ್ಕೊಂದು, ಏನು ಅನ್ನೋದಕ್ಕೊಂದು. ಆದರೆ ಆ ಎರಡು ಫೈಲ್‌ಗೆ ಪ್ರತಿಫಲವೂ ಇದೆ. "ಪರ್ಸಿಸ್ಟೆಂಟ್" ಅಂತ ಬರೆದರೆ, ಯಂತ್ರ ಆಫ್ ಇದ್ದಾಗ ತಪ್ಪಿಹೋದ ಸರದಿಯನ್ನು ಆನ್ ಆದ ಮೇಲೆ ಓಡಿಸುತ್ತೆ. ಹಿಂದಿನ ಸರದಿ ಇನ್ನೂ ಓಡುತ್ತಿದ್ದರೆ ಅದರ ಮೇಲೆ ಇನ್ನೊಂದನ್ನು ಹೇರಲ್ಲ. ಕ್ರಾನ್ ಇದನ್ನು ಕಣ್ಣುಮುಚ್ಚಿ ಮಾಡುತ್ತೆ, ಅದನ್ನು ತಪ್ಪಿಸೋಕೆ ನಾವು "ಎಫ್‌ಲಾಕ್" ಅಂತ ಬೇರೊಂದು ಕಮಾಂಡ್ ಸುತ್ತಬೇಕು. ಟೈಮ್‌ಝೋನ್ ಸಾಲಿನಲ್ಲೇ ಬರೆಯಬಹುದು. "ಸಿಸ್ಟಂಡಿ-ಅನಲೈಜ್ ಕ್ಯಾಲೆಂಡರ್" ಅಂತ ಕೇಳಿದರೆ, ನೀವು ಬರೆದ ವೇಳೆ ಮುಂದೆ ಯಾವಾಗ ಬರುತ್ತೆ ಅಂತ ಮೊದಲೇ ಲೆಕ್ಕ ಹಾಕಿ ತೋರಿಸುತ್ತೆ. ಮೇಲೆ ಹೇಳಿದ 13ನೇ ತಾರೀಖಿನಂಥ ಗೊಂದಲಗಳು ಇದೊಂದರಿಂದಲೇ ಹೊರಗೆ ಬೀಳುತ್ತವೆ.

ಇನ್ನು "ಸಿಸ್ಟಂಸಿಟಿಎಲ್ ಲಿಸ್ಟ್-ಟೈಮರ್ಸ್". ಎಲ್ಲ ಟೈಮರ್‌ಗಳ ಒಂದು ಚೆಂದದ ಪಟ್ಟಿ: ಮುಂದೆ ಯಾವಾಗ, ಇನ್ನೆಷ್ಟು ಹೊತ್ತು, ಕೊನೆಯ ಸಲ ಯಾವಾಗ. ಕ್ರಾನ್‌ನಿಂದ ಬಂದವರಿಗೆ ಇದನ್ನು ನೋಡಿದರೆ ಕತ್ತಲೆ ಕೋಣೆಗೆ ಲೈಟ್ ಹಾಕಿದಂತಾಗುತ್ತೆ. ಆದರೆ ಆ "ಕೊನೆಯ ಸಲ" ಅನ್ನೋ ಕಾಲಂ ಇನ್ನೊಮ್ಮೆ ನೋಡಿ. ಅದು ಹೇಳೋದು ಟೈಮರ್ ಕೊನೆಯ ಸಲ ಯಾವಾಗ ಹೊಡೀತು ಅಂತ. ಹೊಡೆದ ಮೇಲೆ ಆ ಕೆಲಸ ಗೆದ್ದಿತಾ ಸೋತಿತಾ ಅನ್ನೋದು ಈ ಪಟ್ಟಿಯಲ್ಲಿ ಇಲ್ಲ. ಅದಕ್ಕೆ ಸರ್ವಿಸ್‌ನ ಸ್ಥಿತಿ ಬೇರೆಯಾಗಿ ಕೇಳಬೇಕು, ಲಾಗ್ ಬೇರೆಯಾಗಿ ಓದಬೇಕು. ಸೋತರೆ ಏನು ಮಾಡಬೇಕು ಅಂತ ಹೇಳೋಕೆ "ಆನ್‌ಫೇಲ್ಯೂರ್" ಅನ್ನೋ ಜಾಗ ಇದೆ, ಅದು ದೊಡ್ಡ ಮುನ್ನಡೆ. ಆದರೆ ಬಿಟ್ಟರೂ ನಡೆಯುತ್ತೆ, ಹಾಗಾಗಿ ಹೆಚ್ಚಿನವರು ಬಿಡುತ್ತಾರೆ. ಬಿಟ್ಟರೆ ಮೇಲ್ ಕೂಡ ಬರಲ್ಲ.

ವಿಂಡೋಸ್ ಕಡೆಯ ಎಸ್‌ಸಿಎಚ್‌ಟಾಸ್ಕ್ಸ್ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ವಿವರವಾದ ಪಟ್ಟಿ ಕೇಳಿದರೆ ಕೊನೆಯ ಫಲಿತಾಂಶ ಏನು ಅಂತ ಒಂದು ಕಾಲಂ ಕೊಡುತ್ತೆ. ಆದರೆ ಅದು ಮಾತಾಡೋದು ಸಂಖ್ಯೆಗಳಲ್ಲಿ. 0 ಅಂದರೆ ಸರಿ. 267009 ಅಂದರೆ ಈಗ ಓಡ್ತಾ ಇದೆ, 267011 ಅಂದರೆ ಇನ್ನೂ ಒಂದು ಸಲವೂ ಓಡಿಲ್ಲ. ಇದನ್ನು ಬಾಯಿಪಾಠ ಮಾಡಿಕೊಂಡವರು ಯಾರಿದ್ದಾರೆ? ಇನ್ನೊಂದು ವಿಚಿತ್ರ: ಈ ಕಮಾಂಡ್‌ನಿಂದ ಮಾಡಿದ ಟಾಸ್ಕ್, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿದ್ದರೆ ತಾನಾಗಿ ಶುರುವೇ ಆಗಲ್ಲ, ನೀವು ಕೇಳದೇ ಇದ್ದರೂ ಹಾಗೆ ಹೊಂದಿಸಿ ಕೊಟ್ಟಿರುತ್ತಾರೆ. ಕರೆಂಟ್ ಹೋದ ಸಂಜೆ ಓಡಬೇಕಿದ್ದ ಕೆಲಸ ಓಡದೇ ಇದ್ದರೆ ಎಲ್ಲಿ ಹುಡುಕ್ತೀರಿ?

ಇಲ್ಲಿ ಹಳಬರು ಒಂದು ಆಕ್ಷೇಪ ಎತ್ತುತ್ತಾರೆ, ನ್ಯಾಯವಾದದ್ದೇ. "ಒಂದು ಪ್ರೋಗ್ರಾಂ ಒಂದೇ ಕೆಲಸ ಮಾಡಬೇಕು, ಅದನ್ನು ಚೆನ್ನಾಗಿ ಮಾಡಬೇಕು. ಹೊತ್ತಿಗೆ ಸರಿಯಾಗಿ ಎಬ್ಬಿಸೋದು ಕ್ರಾನ್‌ನ ಕೆಲಸ. ಎದ್ದವನು ಆಫೀಸಿಗೆ ಹೋದನಾ ಇಲ್ಲವಾ ಅಂತ ಅಲಾರಂ ಗಡಿಯಾರ ಯಾಕೆ ನೋಡಬೇಕು?" ಅಂತ. ಒಪ್ಪೋಣ. ಕ್ರಾನ್ ಇಷ್ಟು ವರ್ಷ ಬದುಕಿರೋದೇ ಈ ಸಣ್ಣತನದಿಂದ. ಇನ್ನೊಂದು ಮಾತೂ ಇದೆ: ಸತ್ತ ಯಂತ್ರ ತಾನು ಸತ್ತೆ ಅಂತ ಹೇಳೋಕೆ ಆಗಲ್ಲ. ಸರ್ವರ್ ಆಫ್ ಆಗಿದ್ದರೆ, ಕ್ರಾನ್ ನಿಂತೇ ಹೋಗಿದ್ದರೆ, ಎಷ್ಟು ಒಳ್ಳೆಯ ಭಾಷೆ ಕೊಟ್ಟರೂ ಅದು ಮಾತಾಡೋದು ಎಲ್ಲಿಂದ? ಸರ್ವರ್ ಸಾಯೋದೂ ಬೇಡ. ಕ್ರಾನ್ ಜಾಬ್ ಯಾವ ಬಳಕೆದಾರರ ಹೆಸರಲ್ಲಿ ಇದೆಯೋ ಅವರ ಪಾಸ್‌ವರ್ಡ್ ಅವಧಿ ಮುಗಿದರೂ ಸಾಕು. ತೊಂಬತ್ತು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಬೇಕು ಅನ್ನೋ ನಿಯಮ ಇರುವ ಎಷ್ಟೋ ಕಡೆ, ಖಾತೆ ಅವಧಿ ಮೀರಿದೆ ಅಂತ ಜಾಬ್ ಶುರುವಾಗೋದೇ ನಿಂತುಹೋಗುತ್ತೆ. ಶುರುವೇ ಆಗದ ಕೆಲಸ ಸೋಲೋದೂ ಇಲ್ಲ, ಮೇಲೂ ಬರಲ್ಲ. ಸಿಸ್ಟಂ ಲಾಗ್‌ನ ಮೂಲೆಯಲ್ಲಿ ಒಂದು ಸಾಲು ಬೀಳುತ್ತೆ, ಅಷ್ಟೇ. ಬರೆದವರು ಅಷ್ಟರಲ್ಲಿ ಕಂಪನಿಯನ್ನೇ ಬದಲಿಸಿರುತ್ತಾರೆ.

ಆದ್ದರಿಂದ ಉತ್ತರ ಹೊರಗಿನಿಂದಲೇ ಬರಬೇಕು, ಅದು ನಮ್ಮೆಲ್ಲರ ಮನೆಯಲ್ಲಿ ಹಳೇದೇ. ರಾತ್ರಿ ಬಸ್ಸಿಗೆ ಊರಿಗೆ ಹೊರಟವರಿಗೆ ಅಮ್ಮ ಏನು ಹೇಳುತ್ತಿದ್ದರು? "ಮುಟ್ಟಿದ ತಕ್ಷಣ ಒಂದು ಮಿಸ್ಡ್ ಕಾಲ್ ಕೊಡು" ಅಂತ. ತೊಂದರೆಯಾದರೆ ಫೋನ್ ಮಾಡು ಅಂತ ಹೇಳಲಿಲ್ಲ, ಯಾಕಂದರೆ ತೊಂದರೆಯಲ್ಲಿ ಇರುವವರ ಕೈಲಿ ಫೋನ್ ಇರುತ್ತೆ ಅಂತ ಏನು ಗ್ಯಾರಂಟಿ? ಬೆಳಿಗ್ಗೆ ಏಳಕ್ಕೆ ಬರಬೇಕಾದ ಮಿಸ್ಡ್ ಕಾಲ್ ಏಳೂವರೆಯಾದರೂ ಬರಲಿಲ್ಲ ಅಂದರೆ, ಬರದಿರೋದೇ ಸುದ್ದಿ. ಕ್ರಾನ್ ಜಾಬ್‌ಗೂ ಇದನ್ನೇ ಮಾಡಬಹುದು. ಕಮಾಂಡ್‌ನ ಕೊನೆಗೆ "&&" ಹಾಕಿ, ಕೆಲಸ ಗೆದ್ದರೆ ಮಾತ್ರ ಬೇರೆ ಯಂತ್ರದಲ್ಲಿರುವ ಒಂದು ವಿಳಾಸಕ್ಕೆ ಕರ್ಲ್‌ನಿಂದ ಒಂದು ತಟ್ಟು. ಇಷ್ಟೊತ್ತಿನೊಳಗೆ ತಟ್ಟು ಬರದಿದ್ದರೆ ಆ ಇನ್ನೊಂದು ಯಂತ್ರ ಕೂಗಬೇಕು. ವರ್ಷನ್ ಹೊಂದದೆ ಸೋತರೂ, ಪಾಸ್‌ವರ್ಡ್ ಮುಗಿದರೂ, ಸರ್ವರ್ ಸತ್ತರೂ, ಯಾರೋ "-ಆರ್" ಹೊಡೆದು ಪಟ್ಟಿ ಅಳಿಸಿದರೂ ಈ ಒಂದು ಉಪಾಯಕ್ಕೆ ಸಿಕ್ಕಿಬೀಳುತ್ತವೆ. ಇದನ್ನು ಮಾಡಿಕೊಡುವ ಸೇವೆಗಳು ಇವೆ, ಸ್ವಂತಕ್ಕೆ ಬರೆದುಕೊಂಡರೂ ದೊಡ್ಡ ಕೋಡ್ ಅಲ್ಲ.

ಇದು ಇಷ್ಟು ತುರ್ತಾ ಅಂತ ಕೇಳಬಹುದು. ಒಂದೇ ಉದಾಹರಣೆ ಸಾಕು. ವೆಬ್‌ಸೈಟ್‌ಗಳ ಬೀಗದ ಗುರುತಿಗೆ ಬೇಕಾದ ಸರ್ಟಿಫಿಕೇಟನ್ನು ಲೆಟ್ಸ್ ಎನ್‌ಕ್ರಿಪ್ಟ್ ಪುಕ್ಕಟೆ ಕೊಡುತ್ತೆ, ಆದರೆ 90 ದಿನಕ್ಕೆ. ಅದನ್ನು ನವೀಕರಿಸೋದು ಸರ್ಟ್‌ಬಾಟ್ ಅನ್ನೋ ಪ್ರೋಗ್ರಾಂ, ಅದನ್ನು ದಿನಕ್ಕೆ ಎರಡು ಸಲ ಎಬ್ಬಿಸೋದು ಕ್ರಾನ್ ಅಥವಾ ಸಿಸ್ಟಂಡಿ ಟೈಮರ್. ಎಲ್ಲರೂ ಒಂದೇ ಹೊತ್ತಿಗೆ ಮುಗಿಬೀಳದಿರಲಿ ಅಂತ ಓಡುವ ಮೊದಲು ಇಷ್ಟೊತ್ತು ಅಂತಿಲ್ಲದೆ ಸ್ವಲ್ಪ ಕಾಯುತ್ತೆ, ಆಮೇಲೆ ಸದ್ದಿಲ್ಲದೆ ಓಡುತ್ತೆ. ಮುಂಚೆ ಇಲ್ಲಿ ಎರಡನೇ ಕಾವಲು ಒಂದಿತ್ತು: ಅವಧಿ ಹತ್ತಿರ ಬಂದರೆ ಲೆಟ್ಸ್ ಎನ್‌ಕ್ರಿಪ್ಟ್ ತಾನೇ ಮೇಲ್ ಕಳಿಸಿ ಎಚ್ಚರಿಸುತ್ತಿತ್ತು. 2025ರ ಜೂನ್‌ನಲ್ಲಿ ಆ ಮೇಲ್ ನಿಂತುಹೋಯಿತು. ಅದೇ ಹೊತ್ತಿಗೆ, ಸರ್ಟಿಫಿಕೇಟ್ ಕೊಡುವವರೂ ಬ್ರೌಸರ್ ಕಂಪನಿಗಳೂ ಸೇರಿ, 2029ರ ಮಾರ್ಚ್ ಹೊತ್ತಿಗೆ ಯಾವ ಸರ್ಟಿಫಿಕೇಟೂ 47 ದಿನಕ್ಕಿಂತ ಹೆಚ್ಚು ಬಾಳಬಾರದು ಅಂತ ತೀರ್ಮಾನಿಸಿದ್ದಾರೆ. ಅಂದರೆ ಕೈಯಾರೆ ನವೀಕರಿಸೋ ಕಾಲ ಮುಗೀತು, ಎಲ್ಲವೂ ಹೊತ್ತಿಗೆ ಸರಿಯಾಗಿ ಓಡುವ ಕೆಲಸಗಳ ಮೇಲೆ ನಿಂತಿದೆ. ಓಡಲಿಲ್ಲ ಅಂತ ಹೇಳುವವರು ಮಾತ್ರ ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದಾರೆ. ಕೊನೆಗೆ ಸುದ್ದಿ ಮುಟ್ಟಿಸೋದು ಗಿರಾಕಿ, ಅದೂ ಸಾಮಾನ್ಯವಾಗಿ ಭಾನುವಾರ.

ಕ್ರಾನ್‌ಟ್ಯಾಬ್ ಬಗ್ಗೆ ನನ್ನ ತೀರ್ಪು ಹೀಗೆ: ಭಾಷೆ ಬಿಗಿ, ನೆನಪಿಡೋಕೆ ಸುಲಭ, ಕೆಲವು ಕಡೆ ದಾರಿ ತಪ್ಪಿಸುತ್ತೆ. ಹೊಸ ಕೆಲಸಗಳಿಗೆ, ಲಿನಕ್ಸ್‌ನಲ್ಲಿ ಆದರೆ, ಎರಡು ಫೈಲ್‌ಗಳ ಸೋಮಾರಿತನ ಬಿಟ್ಟು ಟೈಮರ್ ಬರೆಯೋದು ವಾಸಿ. ಹಳೇ ಕ್ರಾನ್‌ಟ್ಯಾಬ್‌ಗಳನ್ನು ಕಿತ್ತು ಹಾಕೋ ಅವಸರ ಬೇಡ. ಯಾವುದೇ ಇರಲಿ, ಅದು ಬಿಟ್ಟಿರುವ ಆರನೇ ಕಾಲಂ ಅನ್ನು ನಾವೇ ತುಂಬಬೇಕು. ಪ್ರತಿ ಸಾಲಿನ ಮೇಲೆ ಒಂದು ಕಾಮೆಂಟ್: ಇದು ಯಾರದು, ಯಾಕೆ ಇದೆ, ಒಂದು ದಿನ ಓಡದಿದ್ದರೆ ಏನಾಗುತ್ತೆ, ಓಡಲಿಲ್ಲ ಅಂತ ಯಾರಿಗೆ ಹೇಗೆ ಗೊತ್ತಾಗುತ್ತೆ. ಕೊನೇ ಪ್ರಶ್ನೆಗೆ ಉತ್ತರ ಬರೆಯೋಕೆ ಆಗದಿದ್ದರೆ ಆ ಸಾಲು ಇನ್ನೂ ಮುಗಿದಿಲ್ಲ ಅಂತ ಅರ್ಥ.

ನಾಳೆ ಆಫೀಸಿನಲ್ಲಿ ಟೀ ಮುಗಿಸಿ ಬಂದ ಮೇಲೆ ನಿಮ್ಮ ಮುಖ್ಯ ಸರ್ವರ್‌ನಲ್ಲಿ "ಕ್ರಾನ್‌ಟ್ಯಾಬ್ -ಎಲ್" ಹೊಡೆಯಿರಿ. "ಎಲ್" ಬರೀ ತೋರಿಸುತ್ತೆ, ಭಯ ಬೇಡ. ಬಂದ ಪಟ್ಟಿಯಲ್ಲಿ ಬ್ಯಾಕಪ್ ಅನ್ನೋ ಸಾಲನ್ನು ಹುಡುಕಿ. ಆಮೇಲೆ ಆ ಬ್ಯಾಕಪ್ ಹೋಗಿ ಬೀಳಬೇಕಾದ ಫೋಲ್ಡರ್ ತೆಗೆದು, ಕೊನೆಯ ಫೈಲ್‌ನ ತಾರೀಖು ಎಷ್ಟು, ಗಾತ್ರ ಎಷ್ಟು ಅಂತ ಕಣ್ಣಾರೆ ನೋಡಿ.